ಎತ್ತರಿಸಿದ ವಾಹನದ ಸ್ಟೇರಿಂಗ್ ಹೊಂದಾಣಿಕೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ನೆಲೆಯಿಂದ

ಕಲ್ಲು, ಕೆಸರು, ಹಳ್ಳಗಳ ದಾರಿಯಲ್ಲಿ ಓಡಿಸಲೆಂದು ಜೀಪಿನಂಥ ವಾಹನದ ಸಸ್ಪೆನ್ಷನ್ನನ್ನು ಕಾರ್ಖಾನೆಯ ಮಟ್ಟಕ್ಕಿಂತ ಮೇಲೆ ಏರಿಸಿದಾಗ ಮುಂಚಕ್ರಗಳ ಕೋನಗಳೂ ಸ್ಟೇರಿಂಗ್ ಸರಳುಗಳ ಓರೆಯೂ ಬದಲಾಗುತ್ತವೆ. ಅವನ್ನು ಅಳೆದು ಮತ್ತೆ ಸರಿಯಾದ ನೆಲೆಗೆ ತರುವ ಕೆಲಸವೇ ಸ್ಟೇರಿಂಗ್ ಹೊಂದಾಣಿಕೆ. ಗ್ಯಾರೇಜುಗಳಲ್ಲಿ ಇದಕ್ಕೆ ಅಲೈನ್‌ಮೆಂಟ್ ಎಂದೇ ಹೆಸರು. ವಾಹನ ಎತ್ತರಿಸುವುದು ಒಂದು ಕೆಲಸ, ಅಲೈನ್‌ಮೆಂಟ್ ಆಮೇಲಿನ ಇನ್ನೊಂದು ಕೆಲಸ ಎಂಬ ನಂಬಿಕೆ ಬಳಕೆಯಲ್ಲಿದೆ. ವಾಸ್ತವದಲ್ಲಿ ಎರಡೂ ಒಂದೇ ಕೆಲಸದ ಭಾಗಗಳು. ಕೋನಗಳು ಸರಿಹೋಗದ ತನಕ ವಾಹನ ಎತ್ತರಿಸುವ ಕೆಲಸ ಅರ್ಧದಲ್ಲೇ ಇರುತ್ತದೆ. ಆ ಅರ್ಧ ಕೆಲಸದ ವಾಹನ ರಸ್ತೆಗಿಳಿದರೆ ಒಳಗಿರುವವರಿಗೂ ಎದುರು ಬರುವವರಿಗೂ ಅಪಾಯ.

ಸೀಮೆ ಮತ್ತು ದಾರಿಗಳು

ಚಾಮರಾಜನಗರ ಜಿಲ್ಲೆ 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾಯಿತು. ಕೇರಳ, ತಮಿಳುನಾಡುಗಳ ಗಡಿಗೆ ಹೊಂದಿಕೊಂಡ ಈ ಜಿಲ್ಲೆಯಲ್ಲಿ ಬಂಡೀಪುರ ಮತ್ತು ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶಗಳೂ ಮಲೆ ಮಹದೇಶ್ವರ ವನ್ಯಜೀವಿಧಾಮವೂ ಇವೆ. ಗುಂಡ್ಲುಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 766 ಸುಲ್ತಾನ್ ಬತ್ತೇರಿಯ ಕಡೆಗೂ ಹೆದ್ದಾರಿ 181 ಬಂಡೀಪುರ, ಮುದುಮಲೆ ದಾಟಿ ಊಟಿಯ ಕಡೆಗೂ ಸಾಗುತ್ತವೆ. ಚಾಮರಾಜನಗರದಿಂದ ಹೆದ್ದಾರಿ 948 ಪುಣಜನೂರು, ಹಾಸನೂರು ದಾಟಿ ದಿಂಬಂ ಘಾಟಿಗೆ ಬರುತ್ತದೆ. ಅಲ್ಲಿಂದ ಬನ್ನಾರಿಗೆ ಇಳಿಯುವಾಗ 27 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಮುದುಮಲೆಯಿಂದ ಮಸಿನಗುಡಿ ಮಾರ್ಗವಾಗಿ ಊಟಿಗೆ ಹತ್ತುವ ಕಲ್ಹಟ್ಟಿ ಘಾಟಿಯಲ್ಲಿ ಇಂಥ ತಿರುವುಗಳು 36.

ಈ ಡಾಂಬರು ದಾರಿಗಳ ಪಕ್ಕದಲ್ಲೇ ಇನ್ನೊಂದು ಬಗೆಯ ದಾರಿಗಳಿವೆ. ಕೆಂಪು ಮಣ್ಣಿನ ಹೊಲಗಳ ಗಾಡಿ ಜಾಡು, ಮಳೆ ಬಿದ್ದರೆ ಚಕ್ರಕ್ಕೆ ಮೆತ್ತಿಕೊಳ್ಳುವ ಎರೆಭೂಮಿ, ಕರಿಕಲ್ಲು ಕ್ವಾರಿಗಳ ರಸ್ತೆ, ಸೋಲಿಗ ಬುಡಕಟ್ಟಿನವರ ಪೋಡುಗಳಿಗೆ (ಹಾಡಿಗಳಿಗೆ) ಹೋಗುವ ಕಾಡುದಾರಿ ಇವೆಲ್ಲ ಆ ಗುಂಪಿನವು. ಮಲೆ ಮಹದೇಶ್ವರ ಬೆಟ್ಟದ ಸುತ್ತಲಿನ ಇಂಡಿಗನತ್ತ, ತುಳಸಿಕೆರೆ, ಪಡಸಲನತ್ತ, ನಾಗಮಲೆಗಳಂಥ ಊರುಗಳಿಗೆ ಜೀಪೇ ಬಹುಕಾಲದಿಂದ ಸಾರಿಗೆ. ಅರಣ್ಯ ಇಲಾಖೆ ಇಂಥ ಕಾಡಂಚಿನ ಊರುಗಳಿಗೆಂದು 'ಜನ-ವನ ಸಾರಿಗೆ' ಎಂಬ ಹೆಸರಿನಲ್ಲಿ ಜೀಪುಗಳನ್ನು ಓಡಿಸಿದ್ದೂ ಉಂಟು. ಪಡಿತರ, ಶಾಲೆ ಮಕ್ಕಳು, ಹೆರಿಗೆಗೆ ಹೊರಟ ಹೆಂಗಸರು ಎಲ್ಲರನ್ನೂ ಹೊರುವ ವಾಹನಕ್ಕೆ ನೆಲದಿಂದ ಒಂದಿಷ್ಟು ಎತ್ತರ ಬೇಕಾಗುವುದು ಇಲ್ಲಿ ಹವ್ಯಾಸದ ಮಾತಷ್ಟೇ ಆಗಿ ಉಳಿಯುವುದಿಲ್ಲ.

ಒಂದೇ ವಾಹನ ಬೆಳಿಗ್ಗೆ ಬಂಡೆಗಳ ಮೇಲೆ ತೆವಳಿ, ಮಧ್ಯಾಹ್ನ ಹೆದ್ದಾರಿಯಲ್ಲಿ 80 ಕಿಲೋಮೀಟರ್ ವೇಗದಲ್ಲಿ ಓಡಿ, ಸಂಜೆ ಘಾಟಿ ಇಳಿಯಬೇಕಾದ ಸೀಮೆ ಇದು. ಬಂಡೆಯ ಮೇಲೆ ಕೋನ ತುಸು ತಪ್ಪಿದ್ದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಡಾಂಬರಿನ ಮೇಲೆ, ತಿರುವಿನಲ್ಲಿ, ಜಿಂಕೆಯೋ ಆನೆಯೋ ಅಡ್ಡ ಬಂದು ಥಟ್ಟನೆ ಬ್ರೇಕ್ ಹಾಕಿದಾಗ. ಎತ್ತರಿಸಿದ ವಾಹನದ ನಿಜವಾದ ಪರೀಕ್ಷೆ ನಡೆಯುವುದು ಆ ಹೊತ್ತಿನಲ್ಲೇ.

ವಾಹನಗಳು

ಎತ್ತರಿಸಿದಾಗ ಏನು ಕೆಡುತ್ತದೆ ಎಂಬುದು ಮುಂದಿನ ಆಕ್ಸಲ್ಲಿನ ರಚನೆಯನ್ನು ಅವಲಂಬಿಸಿದೆ. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ಆರಂಭಿಸಿತು. ಮುಂದೆ ಇಲ್ಲೇ ತಯಾರಾದ ಸಿಜೆ-3ಬಿ ಮತ್ತು ಎಂಎಂ 540 ಜೀಪುಗಳಲ್ಲಿ ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಇದ್ದವು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಇದೇ ರಚನೆ. ಸೇನೆ, ಅರಣ್ಯ ಇಲಾಖೆ, ಸಫಾರಿ, ಎಸ್ಟೇಟುಗಳಲ್ಲಿ ದುಡಿದ ಈ ಎರಡು ಕುಲದ ವಾಹನಗಳೇ ನಮ್ಮ ಮೆಕ್ಯಾನಿಕ್‌ಗಳಿಗೆ ಎತ್ತರಿಸುವ ಕೆಲಸವನ್ನು ಕಲಿಸಿದವು.

2010ರ ಥಾರ್ ಸಿಆರ್‌ಡಿಇಯಲ್ಲಿ ಮುಂದೆ ಟಾರ್ಷನ್ ಬಾರ್ ಇರುವ ಸ್ವತಂತ್ರ ಸಸ್ಪೆನ್ಷನ್ ಬಂತು. ಹಿಂದೆ ಲೀಫ್ ಸ್ಪ್ರಿಂಗ್ ಹಾಗೆಯೇ ಉಳಿಯಿತು. 2020ರ ಎರಡನೆಯ ಪೀಳಿಗೆಯ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್ ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್. ಅದರ ನೆಲದಂತರ 226 ಮಿಲಿಮೀಟರ್. 2023ರಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯಲ್ಲಿ ಮುಂದೆಯೂ ಹಿಂದೆಯೂ ಕಾಯಿಲ್ ಸ್ಪ್ರಿಂಗ್ ಮೇಲೆ ಕೂತ ಗಟ್ಟಿ ಆಕ್ಸಲ್ ಇದೆ. ನೆಲದಂತರ 210 ಮಿಲಿಮೀಟರ್. ಫಾರ್ಚುನರ್, ಹೈಲಕ್ಸ್, ಇಸುಜು ವಿ-ಕ್ರಾಸ್‌ಗಳ ಮುಂಭಾಗ ಡಬಲ್ ವಿಶ್‌ಬೋನ್. ಹೀಗೆ ಲೀಫ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್, ಸ್ವತಂತ್ರ ಸಸ್ಪೆನ್ಷನ್ ಎಂಬ ಮೂರು ಬಗೆಗಳು ಈ ಸೀಮೆಯ ರಸ್ತೆಗಳಲ್ಲಿ ಜೊತೆಜೊತೆಯಾಗಿ ಓಡುತ್ತಿವೆ. ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಎತ್ತರದಿಂದ ಸಿಗುವುದು, ಸಿಗದಿರುವುದು

ಗಟ್ಟಿ ಆಕ್ಸಲ್ಲಿನ ವಾಹನದಲ್ಲಿ ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ಲಿನ ನಡುವೆ ಇರುವ ಡಿಫರೆನ್ಷಿಯಲ್ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದು ಕಲ್ಲಿಗೆ ತಾಕದಂತೆ ಮೇಲೆ ಬರಬೇಕಾದರೆ ಟೈರಿನ ವ್ಯಾಸ ಹೆಚ್ಚಬೇಕು. ವ್ಯಾಸ 50 ಮಿಲಿಮೀಟರ್ ಹೆಚ್ಚಿದರೆ ಹೌಸಿಂಗ್ 25 ಮಿಲಿಮೀಟರ್ ಏರುತ್ತದೆ. ಸಸ್ಪೆನ್ಷನ್ ಎತ್ತರಿಸಿದ್ದರಿಂದ ಸಿಗುವ ಲಾಭ ಬೇರೆ: ದಿಣ್ಣೆ ದಾಟುವಾಗ ಹೊಟ್ಟೆ ಉಜ್ಜುವುದಿಲ್ಲ, ಏರಿಗೆ ಮೂತಿ ತಾಕುವುದಿಲ್ಲ, ದೊಡ್ಡ ಟೈರು ಮಡ್‌ಗಾರ್ಡಿಗೆ ಉಜ್ಜದೆ ಆಡಲು ಜಾಗ ಸಿಗುತ್ತದೆ. ಇವುಗಳಲ್ಲಿ ತನಗೆ ಬೇಕಾದದ್ದು ಯಾವುದು ಎಂಬ ಪ್ರಶ್ನೆಗೆ ಮಾಲೀಕ ಮೊದಲೇ ಉತ್ತರ ಕಂಡುಕೊಂಡರೆ ಅನವಶ್ಯಕ ಎತ್ತರ ತಪ್ಪುತ್ತದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟ ಹತ್ತಲೆಂದು ಯಾರೂ ವಾಹನ ಎತ್ತರಿಸಬೇಕಾಗಿಲ್ಲ. ಅಲ್ಲಿಗೆ ಖಾಸಗಿ ವಾಹನಗಳನ್ನೇ ಬಿಡುವುದಿಲ್ಲ, ತಪ್ಪಲಿನಿಂದ ಸಾರಿಗೆ ಬಸ್ಸು ಹೋಗುತ್ತದೆ.

ಕೋನಗಳು

ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗಬೇಕೆಂಬ ಸ್ಟೇರಿಂಗ್ ತತ್ವವನ್ನು ಮ್ಯೂನಿಕ್‌ನ ಗಾಡಿ ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್ 1817ರಲ್ಲಿ ರೂಪಿಸಿದ. ಮರುವರ್ಷ ರುಡಾಲ್ಫ್ ಆಕರ್‌ಮನ್ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದರಿಂದ ಅದು ಅವನ ಹೆಸರಿನಲ್ಲೇ ಉಳಿಯಿತು. ಮೋಟಾರು ವಾಹನ ಬಂದ ಮೇಲೆ ವೇಗ ಹೆಚ್ಚಿ, ಇನ್ನಷ್ಟು ಕೋನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು.

ಕ್ಯಾಸ್ಟರ್: ಚಕ್ರ ಯಾವ ಅಚ್ಚಿನ ಸುತ್ತ ಎಡಬಲಕ್ಕೆ ತಿರುಗುತ್ತದೋ ಆ ಅಚ್ಚು ಬದಿಯಿಂದ ನೋಡಿದಾಗ ಹಿಂದಕ್ಕೆ ಒರಗಿರುವ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ಒರಗಿರುವುದೂ ಇದೇ ಕಾರಣಕ್ಕೆ: ಚಕ್ರ ತಾನಾಗಿಯೇ ನೇರಕ್ಕೆ ಮರಳುತ್ತದೆ. ಕ್ಯಾಸ್ಟರ್ ಕಡಿಮೆಯಾದರೆ ತಿರುವಿನ ನಂತರ ಸ್ಟೇರಿಂಗ್ ಹಿಂತಿರುಗುವುದಿಲ್ಲ, ಹೆದ್ದಾರಿಯಲ್ಲಿ ವಾಹನ ಅತ್ತಿತ್ತ ಅಲೆಯುತ್ತದೆ. ಹೆಚ್ಚಾದರೆ ಸ್ಟೇರಿಂಗ್ ಭಾರವಾಗುತ್ತದೆ.

ಕ್ಯಾಂಬರ್: ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ಹೆಚ್ಚಾಗಿ ವಾಲಿದರೆ ಟೈರಿನ ಒಂದೇ ಅಂಚು ಸವೆಯುತ್ತದೆ.

ಟೋ: ಮೇಲಿನಿಂದ ನೋಡಿದಾಗ ಎರಡು ಮುಂಚಕ್ರಗಳ ಮೂತಿ ಒಂದಕ್ಕೊಂದು ಹತ್ತಿರವಾಗಿದೆಯೇ (ಟೋ-ಇನ್), ದೂರವಾಗಿದೆಯೇ (ಟೋ-ಔಟ್) ಎಂಬ ಅಳತೆ. 700 ಮಿಲಿಮೀಟರ್ ವ್ಯಾಸದ ಟೈರಿನಲ್ಲಿ 0.1 ಡಿಗ್ರಿ ಎಂದರೆ ಸುಮಾರು 1.2 ಮಿಲಿಮೀಟರ್. ಇದು ಅಲ್ಪವೆಂದು ಕಾಣಬಹುದು. ಆದರೆ ಒಂದು ಚಕ್ರ 0.25 ಡಿಗ್ರಿ ಓರೆಯಾಗಿ ಓಡಿದರೆ ಪ್ರತಿ ಕಿಲೋಮೀಟರಿಗೆ ಸುಮಾರು 4.4 ಮೀಟರ್ ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರ ಸುಮಾರು 35 ಕಿಲೋಮೀಟರ್. ಅಷ್ಟು ದೂರ ಒಂದು ಸಲ ಓಡಿದರೆ ಆ ಟೈರನ್ನು 150 ಮೀಟರ್ ಅಡ್ಡಲಾಗಿ ಎಳೆದುಕೊಂಡು ಹೋದ ಲೆಕ್ಕ. ಹೊಸ ಟೈರು ಕೆಲವೇ ತಿಂಗಳಲ್ಲಿ ಬೋಳಾಗುವ ಗುಟ್ಟು ಇಲ್ಲಿದೆ.

ಇವುಗಳ ಜೊತೆಗೆ ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್ ಪಿನ್ ಎದುರಿನಿಂದ ನೋಡಿದಾಗ ಒಳಕ್ಕೆ ವಾಲಿರುವ ಕೋನ, ಆ ಅಚ್ಚಿನ ಗೆರೆ ನೆಲ ಮುಟ್ಟುವ ಬಿಂದುವಿಗೂ ಟೈರಿನ ನಡುಗೆರೆಗೂ ಇರುವ ಅಂತರ, ಹಿಂದಿನ ಆಕ್ಸಲ್ ಚಾಸಿಗೆ ನೇರವಾಗಿ ಕೂತಿದೆಯೇ ಎಂಬ ಲೆಕ್ಕ ಇವೂ ಮುಖ್ಯ. ಹಳೆಯ ವಿಲ್ಲೀಸ್ ಜೀಪಿಗೆ ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ 1.5 ಡಿಗ್ರಿ, ಕಿಂಗ್ ಪಿನ್ ವಾಲಿಕೆ 7.5 ಡಿಗ್ರಿ ಎಂದು ನಿಗದಿಯಾಗಿತ್ತು. ಪ್ರತಿ ಮಾದರಿಗೂ ತಯಾರಕರ ಕೈಪಿಡಿಯಲ್ಲಿ ಅದರದೇ ಅಂಕಿಗಳಿರುತ್ತವೆ; ಎತ್ತರಿಸಿದ ಮೇಲೂ ತಲುಪಬೇಕಾದ ಗುರಿ ಅವೇ.

ಲೀಫ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್

ಹಳೆಯ ಜೀಪು, ಜಿಪ್ಸಿಗಳನ್ನು ಎತ್ತರಿಸುವ ದಾರಿಗಳು ಹಲವು. ಹೆಚ್ಚು ಬಾಗಿದ ಹೊಸ ಸ್ಪ್ರಿಂಗ್ ಹಾಕುವುದು, ಇರುವುದಕ್ಕೆ ಒಂದು ಪಟ್ಟಿ ಸೇರಿಸುವುದು, ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ಲನ್ನು ಉದ್ದದ್ದಾಗಿ ಕಟ್ಟುವುದು, ಆಕ್ಸಲ್ಲಿನ ಕೆಳಗಿರುವ ಸ್ಪ್ರಿಂಗನ್ನು ಅದರ ಮೇಲಕ್ಕೆ ತರುವುದು ಇವು ಮುಖ್ಯವಾದವು.

ಗಟ್ಟಿ ಆಕ್ಸಲ್ಲಿನಲ್ಲಿ ಎಡಬಲ ಚಕ್ರಗಳು ಒಂದೇ ಉಕ್ಕಿನ ಕೊಳವೆಗೆ ಕಟ್ಟಿಕೊಂಡಿರುವುದರಿಂದ ಎತ್ತರಿಸಿದರೂ ಕ್ಯಾಂಬರ್ ಬದಲಾಗುವುದಿಲ್ಲ. ಟೈ ರಾಡ್ ಒಂದು ಚಕ್ರದಿಂದ ಇನ್ನೊಂದಕ್ಕೆ ನೇರವಾಗಿ ಹೋಗಿದ್ದರೆ ಟೋ ಕೂಡ ಹಾಗೆಯೇ ಇರುತ್ತದೆ. ಆದರೆ ಸ್ಟೇರಿಂಗ್ ಬಾಕ್ಸಿನಿಂದ ಹೊರಡುವ ಡ್ರ್ಯಾಗ್ ಲಿಂಕ್ ಎಂಬ ಸರಳು ಒಂದು ಚಕ್ರದವರೆಗೂ ಹೋಗಿ, ಇನ್ನೊಂದು ಚಕ್ರದ ಸರಳು ಅದರ ನಡುವಿಗೆ ಬಂದು ಸೇರುವ ಜೋಡಣೆಯಲ್ಲಿ ಸರಳುಗಳ ಓರೆ ಬದಲಾದೊಡನೆ ಟೋ ಕೂಡ ಬದಲಾಗುತ್ತದೆ. ಹೀಗಾಗಿ ವಾಹನದಡಿಗೆ ಹೋಗಿ ಸರಳುಗಳ ಜೋಡಣೆ ಯಾವ ಬಗೆಯದೆಂದು ನೋಡಿಕೊಳ್ಳುವುದು ಮೊದಲ ಹೆಜ್ಜೆ.

ಮುಖ್ಯ ತೊಂದರೆ ಕ್ಯಾಸ್ಟರ್‌ನದು. ಶ್ಯಾಕಲ್ಲನ್ನು 50 ಮಿಲಿಮೀಟರ್ ಉದ್ದ ಮಾಡಿದರೆ ವಾಹನ ಏರುವುದು ಅದರ ಅರ್ಧ, ಅಂದರೆ ಸುಮಾರು 25 ಮಿಲಿಮೀಟರ್. ಆದರೆ ಒಂದು ಮೀಟರ್ ಉದ್ದದ ಸ್ಪ್ರಿಂಗ್ ಸುಮಾರು 2.9 ಡಿಗ್ರಿ ತಿರುಗುತ್ತದೆ, ಜೊತೆಗೆ ಆಕ್ಸಲ್ಲೂ ತಿರುಗುತ್ತದೆ. ಶ್ಯಾಕಲ್ ಸ್ಪ್ರಿಂಗಿನ ಮುಂದಿನ ತುದಿಯಲ್ಲಿದ್ದರೆ ಕ್ಯಾಸ್ಟರ್ ಕಡಿಮೆಯಾಗುತ್ತದೆ. ಹಿಂದಿನ ತುದಿಯಲ್ಲಿದ್ದರೆ ಹೆಚ್ಚುತ್ತದೆ. 3 ಡಿಗ್ರಿಗೆಂದು ಕೂರಿಸಿದ ಆಕ್ಸಲ್ಲಿನಲ್ಲಿ 2.9 ಡಿಗ್ರಿ ಹೋದರೆ ಉಳಿಯುವುದು ಬಹುತೇಕ ಸೊನ್ನೆ. ಅಗ್ಗದ ದಾರಿ ಎಂದು ಜನ ಆರಿಸುವ ಉದ್ದನೆಯ ಶ್ಯಾಕಲ್ ಏರಿಸುವ ಎತ್ತರಕ್ಕೆ ಹೋಲಿಸಿದರೆ ಕೋನವನ್ನೇ ಹೆಚ್ಚು ಕೆಡಿಸುತ್ತದೆ.

ಇದಕ್ಕೆ ಪರಿಹಾರ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಇಡುವ ಉಕ್ಕಿನ ಓರೆ ಬೆಣೆ. 2, 4, 6 ಡಿಗ್ರಿಗಳ ಬೆಣೆಗಳು ಸಿಗುತ್ತವೆ. ಆದರೆ ನಾಲ್ಕು ಚಕ್ರದ ಡ್ರೈವ್ ಇರುವ ಮುಂದಿನ ಆಕ್ಸಲ್ಲಿನಲ್ಲಿ ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್ಲಿನ ಪಿನಿಯನ್ ಮೂತಿ ನೆಲದ ಕಡೆಗೆ ತಗ್ಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಜಾಯಿಂಟ್ ಕೋನ ಕಡಿದಾಗುತ್ತದೆ, ವಾಹನ ಅದುರುತ್ತದೆ. ಎರಡಕ್ಕೂ ಒಪ್ಪುವ ನಡುಬಿಂದು ಹುಡುಕುವುದೇ ಮೆಕ್ಯಾನಿಕ್‌ನ ಕೌಶಲ. ಸ್ಪ್ರಿಂಗನ್ನು ಆಕ್ಸಲ್ಲಿನ ಮೇಲೆ ಕೂರಿಸುವ ಕೆಲಸದಲ್ಲಿ ಎತ್ತರ ಸುಮಾರು 100ರಿಂದ 125 ಮಿಲಿಮೀಟರ್ ಒಮ್ಮೆಗೇ ಏರುತ್ತದೆ. ಅಲ್ಲಿ ಸ್ಪ್ರಿಂಗ್ ಕೂರುವ ತಳಪಟ್ಟಿಯನ್ನು ವೆಲ್ಡ್ ಮಾಡುವ ಗಳಿಗೆಯಲ್ಲೇ ಕ್ಯಾಸ್ಟರ್ ನಿಗದಿಯಾಗಿಬಿಡುತ್ತದೆ. ಆಮೇಲೆ ಯಾವ ಯಂತ್ರವೂ ಅದನ್ನು ತಿರುಗಿಸಲಾರದು. ಅಷ್ಟು ಎತ್ತರದಲ್ಲಿ ಡ್ರ್ಯಾಗ್ ಲಿಂಕ್ ಕಡಿದಾದ ಇಳಿಜಾರಿಗೆ ಬರುತ್ತದೆ. ಗುಂಡಿಯಲ್ಲಿ ಸ್ಪ್ರಿಂಗ್ ಮೇಲೆ ಕೆಳಗೆ ಆಡಿದಾಗಲೆಲ್ಲ ಆ ಸರಳು ಚಕ್ರವನ್ನು ತಾನೇ ತಿರುಗಿಸುತ್ತದೆ. ಚಾಲಕ ಸ್ಟೇರಿಂಗ್ ಅಲುಗಿಸದಿದ್ದರೂ ವಾಹನ ದಿಕ್ಕು ಬದಲಿಸುವ ಈ ದೋಷಕ್ಕೆ ಬಂಪ್ ಸ್ಟೇರ್ ಎನ್ನುತ್ತಾರೆ. ಸ್ಟೇರಿಂಗ್ ತೋಳನ್ನು ಮೇಲಕ್ಕೆ ತಂದು ಡ್ರ್ಯಾಗ್ ಲಿಂಕನ್ನು ಮತ್ತೆ ಅಡ್ಡಮಟ್ಟಕ್ಕೆ ಹತ್ತಿರ ತಂದರೆ ಇದು ಹತೋಟಿಗೆ ಬರುತ್ತದೆ.

ಎತ್ತರಕ್ಕೆಂದು ಆಕ್ಸಲ್ ಮತ್ತು ಸ್ಪ್ರಿಂಗಿನ ನಡುವೆ ಇಡುವ ದಪ್ಪ ಉಕ್ಕಿನ ದಿಮ್ಮಿಗಳನ್ನು ಮುಂದಿನ ಆಕ್ಸಲ್ಲಿಗೆ ಎಂದೂ ಬಳಸಬಾರದು. ಬ್ರೇಕಿನ ತಿರುಚು ಬಲಕ್ಕೆ ದಿಮ್ಮಿ ಜಾರಿದರೆ ಆಕ್ಸಲ್ಲೇ ಜಾಗ ಬಿಡುತ್ತದೆ.

ಕಾಯಿಲ್ ಸ್ಪ್ರಿಂಗಿನ ಗಟ್ಟಿ ಆಕ್ಸಲ್

ಜಿಮ್ನಿಯಂಥ ವಾಹನದಲ್ಲಿ ಮುಂದಿನ ಆಕ್ಸಲ್ಲನ್ನು ಎರಡು ಉದ್ದ ತೋಳುಗಳು ಹಿಂದಿನಿಂದ ಹಿಡಿದಿರುತ್ತವೆ. ಅಡ್ಡಕ್ಕೆ ಸರಿಯದಂತೆ ಪ್ಯಾನ್‌ಹಾರ್ಡ್ ರಾಡ್ ತಡೆಯುತ್ತದೆ. ಕಾಯಿಲ್ ಸ್ಪ್ರಿಂಗ್ ಉದ್ದವಾದಾಗ ತೋಳುಗಳ ಚಾಸಿ ಕಡೆಯ ತುದಿ ಮೇಲೇರಿ, ಆಕ್ಸಲ್ ಮುಂದಕ್ಕೆ ಮಗುಚಿದಂತಾಗಿ ಕ್ಯಾಸ್ಟರ್ ತಗ್ಗುತ್ತದೆ. 800 ಮಿಲಿಮೀಟರ್ ಉದ್ದದ ತೋಳು ಎಂದು ಇಟ್ಟುಕೊಂಡರೆ 50 ಮಿಲಿಮೀಟರ್ ಏರಿಕೆಗೆ ಸುಮಾರು 3.6 ಡಿಗ್ರಿ ಹೋಗುತ್ತದೆ. ಇದನ್ನು ಮರಳಿ ಪಡೆಯಲು ತೂತು ನಡುವಿನಿಂದ ಸರಿದಿರುವ ಬುಷ್, ಕೋನ ತಿದ್ದಿದ ತೋಳು, ಅಥವಾ ತೋಳಿನ ಹಿಂತುದಿಯನ್ನು ಕೆಳಗಿಳಿಸುವ ಬ್ರ್ಯಾಕೆಟ್ ಬಳಸುತ್ತಾರೆ. ಬ್ರ್ಯಾಕೆಟ್ ಕೆಳಗಿಳಿದಷ್ಟೂ ಬಂಡೆಗೆ ತಾಕುವ ಸಾಧ್ಯತೆ ಹೆಚ್ಚು; ಕಲ್ಲುದಾರಿಯ ವಾಹನಕ್ಕೆ ತಿದ್ದಿದ ತೋಳೇ ಒಳ್ಳೆಯದು.

ಪ್ಯಾನ್‌ಹಾರ್ಡ್ ರಾಡಿನ ಓರೆ ಹೆಚ್ಚಿದಾಗ ಆಕ್ಸಲ್ ಒಂದು ಪಕ್ಕಕ್ಕೆ ಸರಿಯುತ್ತದೆ. 800 ಮಿಲಿಮೀಟರ್ ರಾಡಿನ ಎರಡು ತುದಿಗಳ ಮಟ್ಟದಂತರ 40ರಿಂದ 90 ಮಿಲಿಮೀಟರಿಗೆ ಏರಿದರೆ ಸರಿಯುವ ದೂರ ಸುಮಾರು 4 ಮಿಲಿಮೀಟರ್. ಉದ್ದ ಹೊಂದಿಸಬಹುದಾದ ರಾಡಿನಿಂದ ಇದನ್ನು ಸರಿಪಡಿಸಬಹುದು. ಅದಕ್ಕಿಂತ ಗಂಭೀರವಾದದ್ದು ಪ್ಯಾನ್‌ಹಾರ್ಡ್ ರಾಡ್ ಮತ್ತು ಡ್ರ್ಯಾಗ್ ಲಿಂಕುಗಳ ಸಂಬಂಧ. ಕಾರ್ಖಾನೆಯಲ್ಲಿ ಇವೆರಡನ್ನೂ ಬಹುತೇಕ ಸಮಾನಾಂತರವಾಗಿ ಇಟ್ಟಿರುತ್ತಾರೆ, ಹಾಗಾಗಿ ಎರಡೂ ಒಂದೇ ಕಮಾನಿನಲ್ಲಿ ಆಡುತ್ತವೆ. ಒಂದರ ಬ್ರ್ಯಾಕೆಟ್ ಮಾತ್ರ ಇಳಿಸಿ ಇನ್ನೊಂದನ್ನು ಬಿಟ್ಟರೆ ಬಂಪ್ ಸ್ಟೇರ್ ಹುಟ್ಟಿಕೊಳ್ಳುತ್ತದೆ. ತಿದ್ದಿದರೆ ಎರಡನ್ನೂ ತಿದ್ದಬೇಕು.

ಸ್ವತಂತ್ರ ಸಸ್ಪೆನ್ಷನ್

ಡಬಲ್ ವಿಶ್‌ಬೋನ್ ವಾಹನಗಳಲ್ಲಿ ಪ್ರತಿ ಚಕ್ರವೂ ಮೇಲಿನ, ಕೆಳಗಿನ ಎರಡು ತೋಳುಗಳ ನಡುವೆ ಆಡುತ್ತದೆ. ಎತ್ತರಿಸಿದರೆ ತೋಳುಗಳು ಕೆಳಮುಖವಾಗಿ ಇಳಿಬೀಳುತ್ತವೆ. ಆಗ ಕ್ಯಾಂಬರ್, ಕ್ಯಾಸ್ಟರ್, ಟೋ ಮೂರೂ ಒಟ್ಟಿಗೆ ಬದಲಾಗುತ್ತವೆ. ಯಾವ ದಿಕ್ಕಿಗೆ ಎಷ್ಟು ಎಂಬುದು ತೋಳುಗಳ ಉದ್ದ, ಓರೆ ಮತ್ತು ಸ್ಟೇರಿಂಗ್ ರ‍್ಯಾಕ್ ಚಕ್ರದ ಅಚ್ಚಿಗಿಂತ ಮುಂದಿದೆಯೇ ಹಿಂದಿದೆಯೇ ಎಂಬುದನ್ನು ಅವಲಂಬಿಸಿದೆ. ಊಹೆಯಿಂದ ಕೆಲಸ ನಡೆಯದು, ಅಳೆಯಲೇಬೇಕು.

ಸ್ಟ್ರಟ್ಟಿನ ತಲೆಯ ಮೇಲೆ ಬಿಲ್ಲೆಯಂಥ ಸ್ಪೇಸರ್ ಇಡುವುದು ಅಗ್ಗದ ವಿಧಾನ. ಸ್ಟ್ರಟ್ ಕೆಳತೋಳಿನ ನಡುವೆ ಎಲ್ಲೋ ಕೂರುವುದರಿಂದ 25 ಮಿಲಿಮೀಟರ್ ಸ್ಪೇಸರಿನಿಂದ ಚಕ್ರದ ಬಳಿ 40ರಿಂದ 50 ಮಿಲಿಮೀಟರ್ ಏರಿಕೆಯಾಗುತ್ತದೆ. ಈ ಲೆಕ್ಕ ತಿಳಿಯದೆ 50 ಮಿಲಿಮೀಟರ್ ಸ್ಪೇಸರ್ ಇಟ್ಟವರ ವಾಹನದಲ್ಲಿ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್ ಮಿತಿ ಮೀರಿ ಬಾಗಿ, ರಬ್ಬರ್ ಬೂಟು ಹರಿದು, ಗ್ರೀಸು ಚೆಲ್ಲುತ್ತದೆ. ಹಳೆಯ ಥಾರ್ ಸಿಆರ್‌ಡಿಇಯಲ್ಲಿ ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿದರೇ ಮುಂಭಾಗ ಏರುತ್ತದೆ. ಸುಲಭವೆಂಬ ಕಾರಣಕ್ಕೇ ಇದನ್ನು ಅತಿ ಮಾಡುವವರು ಹೆಚ್ಚು. ಚಕ್ರ ಕೆಳಗಿಳಿಯಲು ಜಾಗವೇ ಉಳಿಯದೆ, ಪ್ರತಿ ಗುಂಡಿಯಲ್ಲೂ ಮೇಲಿನ ತೋಳು ತಡೆಗೆ ಬಡಿಯುತ್ತದೆ.

ಕೆಳತೋಳಿನಲ್ಲಿರುವ ಕ್ಯಾಮ್ ಬೋಲ್ಟುಗಳಿಂದ ಕ್ಯಾಂಬರ್, ಕ್ಯಾಸ್ಟರ್‌ಗಳನ್ನು ಒಂದು ಮಿತಿಯವರೆಗೆ ತಿದ್ದಬಹುದು. ಮಿತಿ ದಾಟಿದರೆ ಬಾಲ್ ಜಾಯಿಂಟಿನ ಕೋನ ತಿದ್ದಿದ ಬೇರೆ ಮೇಲ್ತೋಳು ಬೇಕು. ಈ ಬಗೆಯ ವಾಹನಗಳಿಗೆ 40ರಿಂದ 50 ಮಿಲಿಮೀಟರ್ ಒಳಗಿನ ಏರಿಕೆಯೇ ವಿವೇಕದ್ದು.

ಮುಂಭಾಗವನ್ನಷ್ಟೇ ಏರಿಸಿದಾಗ ಇನ್ನೊಂದು ಸಣ್ಣ ಬದಲಾವಣೆ ಆಗುತ್ತದೆ. 2,450 ಮಿಲಿಮೀಟರ್ ಚಕ್ರಾಂತರದ ಥಾರ್‌ನ ಮೂತಿ 50 ಮಿಲಿಮೀಟರ್ ಏರಿದರೆ ಇಡೀ ಚಾಸಿ ಸುಮಾರು 1.2 ಡಿಗ್ರಿ ಹಿಂದಕ್ಕೆ ವಾಲಿ, ಅಷ್ಟು ಕ್ಯಾಸ್ಟರ್ ಸೇರುತ್ತದೆ. ಹಿಂಭಾಗದಲ್ಲಿ ಭಾರ ಹೇರಿದಾಗಲೂ ಇದೇ ಆಗುತ್ತದೆ. ಸದಾ ಭಾರ ಹೊರುವ ವಾಹನವನ್ನು ಆ ಭಾರದೊಂದಿಗೇ ಅಳೆಯಬೇಕು ಎನ್ನುವುದು ಇದಕ್ಕೇ.

ಲಕ್ಷಣಗಳು

ಕೋನ ತಪ್ಪಿದ ವಾಹನ ತನ್ನ ತೊಂದರೆಯನ್ನು ಚಾಲಕನ ಕೈಗೂ ಟೈರಿನ ಮೈಗೂ ತಿಳಿಸುತ್ತದೆ. ಗ್ಯಾರೇಜಿಗೆ ಬರುವವರ ದೂರುಗಳೂ ಹೆಚ್ಚುಕಡಿಮೆ ಒಂದೇ: 'ಸ್ಟೇರಿಂಗ್ ಎಳೀತದ', 'ಟೈರು ಒಂದ್ ಸೈಡ್ ತಿಂತದ', 'ಸ್ಪೀಡ್‌ಗ್ ಹೋದ್ರ ಅದುರ್ತದ'.

ಒಂದೇ ಪಕ್ಕಕ್ಕೆ ಎಳೆದರೆ ಎಡಬಲ ಕ್ಯಾಸ್ಟರ್‌ಗಳಲ್ಲಿ ವ್ಯತ್ಯಾಸವಿರಬಹುದು. ವಾಹನ ಕಡಿಮೆ ಕ್ಯಾಸ್ಟರ್ ಇರುವ ಪಕ್ಕಕ್ಕೆ ಸರಿಯುತ್ತದೆ. ಆದರೆ ಡಾಂಬರು ರಸ್ತೆ ನಡುವಿನಿಂದ ಎಡಕ್ಕೆ ಇಳಿಜಾರಾಗಿರುವುದರಿಂದ ಸ್ವಲ್ಪ ಎಡಕ್ಕೆ ಸರಿಯುವುದು ಸಹಜ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿದಾಗ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಟೋ ತಪ್ಪಿದೆ. ಎರಡೂ ಟೈರುಗಳ ಹೊರ ಅಂಚು ಸವೆದರೆ ಟೋ-ಇನ್ ಹೆಚ್ಚು, ಒಳ ಅಂಚು ಸವೆದರೆ ಟೋ-ಔಟ್. ತಿರುವಿನ ನಂತರ ಸ್ಟೇರಿಂಗನ್ನು ಕೈಯಿಂದಲೇ ನೇರಕ್ಕೆ ತರಬೇಕಾದರೆ ಕ್ಯಾಸ್ಟರ್ ಕಡಿಮೆಯಾಗಿದೆ. ದಿಂಬಂ, ಕಲ್ಹಟ್ಟಿಗಳಂಥ ಘಾಟಿಯಲ್ಲಿ ಇದು ತೋಳು ನೋವಿನಿಂದ ಶುರುವಾಗಿ ಅಪಾಯದಲ್ಲಿ ಮುಗಿಯಬಹುದು.

ಎಲ್ಲಕ್ಕಿಂತ ಭಯ ಹುಟ್ಟಿಸುವುದು ಗಟ್ಟಿ ಆಕ್ಸಲ್ಲಿನ ಭಾರಿ ನಡುಕ. 60–70 ಕಿಲೋಮೀಟರ್ ವೇಗದಲ್ಲಿ ಒಂದು ರಸ್ತೆ ಉಬ್ಬು ತಾಕಿದೊಡನೆ ಎರಡೂ ಮುಂಚಕ್ರಗಳು ಎಡಬಲಕ್ಕೆ ಬಡಿದಾಡತೊಡಗಿ, ವೇಗ ಇಳಿಯುವ ತನಕ ನಿಲ್ಲುವುದಿಲ್ಲ. ತಗ್ಗಿದ ಕ್ಯಾಸ್ಟರ್, ಸವೆದ ಬುಷ್, ಆಟ ಬಂದ ಬಾಲ್ ಜಾಯಿಂಟ್, ಬ್ಯಾಲೆನ್ಸ್ ಇಲ್ಲದ ದೊಡ್ಡ ಟೈರು ಇವೆಲ್ಲ ಕೂಡಿದಾಗ ಹೀಗಾಗುತ್ತದೆ. ಆ ಹೊತ್ತಿನಲ್ಲಿ ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಸಮನಾಗಿ ವೇಗ ಇಳಿಸಬೇಕು. ಹೊಸ ಸ್ಟೇರಿಂಗ್ ಡ್ಯಾಂಪರ್ ಹಾಕಿದರೆ ನಡುಕ ಕೆಲಕಾಲ ಅಡಗುತ್ತದೆ, ಕಾರಣ ಮಾತ್ರ ಒಳಗೇ ಉಳಿಯುತ್ತದೆ. ಸವೆದ ಭಾಗ ಬದಲಿಸಿ ಕೋನ ತಿದ್ದುವುದೊಂದೇ ಶಾಶ್ವತ ಪರಿಹಾರ.

ಅಳತೆ ಮತ್ತು ಹೊಂದಾಣಿಕೆಯ ಕ್ರಮ

ಕೆಲಸ ಎತ್ತರಿಸುವ ಮೊದಲೇ ಆರಂಭವಾಗಬೇಕು. ಮೂಲ ಸ್ಥಿತಿಯ ಕೋನಗಳನ್ನೂ ನಾಲ್ಕೂ ಚಕ್ರಗಳ ಅಚ್ಚಿನಿಂದ ಮಡ್‌ಗಾರ್ಡಿನವರೆಗಿನ ಎತ್ತರವನ್ನೂ ಬರೆದಿಟ್ಟುಕೊಂಡರೆ ಮುಂದೆ ಏನು ಎಷ್ಟು ಬದಲಾಯಿತೆಂದು ಸ್ಪಷ್ಟವಾಗುತ್ತದೆ. ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಕಿಂಗ್ ಪಿನ್ ಬೇರಿಂಗ್, ವೀಲ್ ಬೇರಿಂಗ್, ಬುಷ್‌ಗಳಲ್ಲಿ ಆಟವಿದ್ದರೆ ಆಗಲೇ ಬದಲಿಸಬೇಕು. ಆಟವಿರುವ ಭಾಗದ ಮೇಲೆ ಮಾಡಿದ ಅಲೈನ್‌ಮೆಂಟ್ ಗ್ಯಾರೇಜಿನ ಗೇಟು ದಾಟುವ ಹೊತ್ತಿಗೆ ಬದಲಾಗಿರುತ್ತದೆ.

ಎತ್ತರಿಸಿದ ಮೇಲೆ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ವಾಹನ ಚಕ್ರಗಳ ಮೇಲೆ ನಿಂತಿರುವಾಗಲೇ ಕೊನೆಯದಾಗಿ ಬಿಗಿಯಬೇಕು. ಜಾಕಿನ ಮೇಲೆ ತೂಗುಬಿದ್ದಾಗ ಬಿಗಿದರೆ ಬುಷ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಹೊಸ ಸ್ಪ್ರಿಂಗುಗಳು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ತುಸು ಕುಸಿದು ನೆಲೆಗೊಳ್ಳುತ್ತವೆ. ಹಾಗಾಗಿ ಕೆಲಸ ಮುಗಿದ ದಿನ ಒಂದು ಅಲೈನ್‌ಮೆಂಟ್, ನೆಲೆಗೊಂಡ ಮೇಲೆ ಇನ್ನೊಂದು ಬೇಕು. ಆಗ ಲೀಫ್ ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು-ಬೋಲ್ಟುಗಳನ್ನೂ ಮರುಬಿಗಿಯಬೇಕು.

ಹೊಂದಾಣಿಕೆಯ ಕ್ರಮ ಕ್ಯಾಸ್ಟರ್, ಕ್ಯಾಂಬರ್, ಟೋ. ಮೊದಲೆರಡನ್ನು ಮುಟ್ಟಿದರೆ ಟೋ ಬದಲಾಗುವುದರಿಂದ ಅದು ಯಾವಾಗಲೂ ಕೊನೆಯದು. ಕ್ಯಾಸ್ಟರನ್ನು ನೇರವಾಗಿ ನೋಡಲಾಗದು. ಚಕ್ರವನ್ನು ತಿರುಗುಮಣೆಯ ಮೇಲಿಟ್ಟು ಒಂದು ಕಡೆಗೆ 20 ಡಿಗ್ರಿ, ಮತ್ತೊಂದು ಕಡೆಗೆ 20 ಡಿಗ್ರಿ ತಿರುಗಿಸಿ, ಎರಡೂ ಸ್ಥಿತಿಯ ಕ್ಯಾಂಬರ್ ವ್ಯತ್ಯಾಸವನ್ನು ಸುಮಾರು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ. ಕಂಪ್ಯೂಟರ್ ಯಂತ್ರ ಮಾಡುವುದೂ ಈ ಲೆಕ್ಕವನ್ನೇ. ಯಂತ್ರವಿಲ್ಲದ ಊರಿನಲ್ಲಿ ಸಮತಟ್ಟು ನೆಲ, ಸರಿಯಾದ ಗಾಳಿ ಒತ್ತಡ, ವಾಹನದ ಎರಡೂ ಪಕ್ಕ ಸಮಾನಾಂತರವಾಗಿ ಕಟ್ಟಿದ ದಾರ ಮತ್ತು ಉಕ್ಕಿನ ಅಳತೆಪಟ್ಟಿ ಇದ್ದರೆ ಟೋವನ್ನು ಮಿಲಿಮೀಟರ್ ಮಟ್ಟಕ್ಕೆ ಅಳೆಯಬಹುದು. ಹಳೆಯ ಮೇಸ್ತ್ರಿಗಳು ದಾರದಲ್ಲೇ ಚೊಕ್ಕವಾಗಿ ಕೆಲಸ ಮುಗಿಸುತ್ತಾರೆ. ಆ ವಿದ್ಯೆ ಹೊಸಬರಿಗೆ ದಾಟಬೇಕು.

ಹೆದ್ದಾರಿ ಬದಿಯ ಟೈರು ಅಂಗಡಿಗಳಲ್ಲಿ ಸಾಮಾನ್ಯವಾಗಿ ಟೋ ಒಂದನ್ನೇ ತಿದ್ದಿ ಕಳಿಸುತ್ತಾರೆ. ಮಾಮೂಲಿ ಕಾರಿಗೆ ಅಷ್ಟು ಸಾಕಾಗಬಹುದು. ಎತ್ತರಿಸಿದ ವಾಹನದ ಮಾಲೀಕ ಮಾತ್ರ ಮೂರೂ ಕೋನಗಳ ಮೊದಲಿನ ಮತ್ತು ನಂತರದ ಅಂಕಿಗಳಿರುವ ಚೀಟಿಯನ್ನು ಕೇಳಿ ಪಡೆಯಬೇಕು.

ಗಟ್ಟಿ ಆಕ್ಸಲ್ಲಿನ ವಾಹನ ಎತ್ತರಿಸಿದಾಗ ನೇರ ಓಡುವಾಗಲೂ ಸ್ಟೇರಿಂಗ್ ಓರೆಯಾಗಿ ನಿಲ್ಲುತ್ತದೆ. ಸ್ಟೇರಿಂಗ್ ಬಿಚ್ಚಿ ಹಲ್ಲು ಬದಲಿಸಿ ನೆಟ್ಟಗೆ ಕೂರಿಸುವುದು ತಪ್ಪು. ಸ್ಟೇರಿಂಗ್ ಬಾಕ್ಸಿನ ನಡುಬಿಂದುವಿನಲ್ಲೇ ಆಟ ಅತಿ ಕಡಿಮೆ. ಚಕ್ರ ನೇರವಿದ್ದಾಗ ಬಾಕ್ಸೂ ನಡುವಿನಲ್ಲಿರಬೇಕು. ಅದನ್ನು ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿಯೇ ಸಾಧಿಸಬೇಕು. ಜಿಮ್ನಿ, ಹೊಸ ಥಾರ್‌ಗಳಂಥ, ಜಾರುವುದನ್ನು ತಡೆಯಲು ತಾನೇ ಬ್ರೇಕ್ ಹಾಕುವ ಇಎಸ್‌ಪಿ ವ್ಯವಸ್ಥೆ ಇರುವ ವಾಹನಗಳಲ್ಲಿ ಸ್ಟೇರಿಂಗ್ ಕೋನದ ಸೆನ್ಸರನ್ನೂ ಮತ್ತೆ ಸೊನ್ನೆಗೆ ತರಬೇಕು. ಇಲ್ಲದಿದ್ದರೆ ನೇರ ಓಡುತ್ತಿರುವ ವಾಹನ ತಿರುಗುತ್ತಿದೆ ಎಂದು ಭಾವಿಸಿ ಆ ವ್ಯವಸ್ಥೆ ಬೇಡದ ಚಕ್ರಕ್ಕೆ ಬ್ರೇಕ್ ಹಾಕಬಹುದು. ಬ್ರೇಕ್ ಹೋಸ್‌ಗಳ ಉದ್ದ, ಶಾಕ್ ಅಬ್ಸಾರ್ಬರಿನ ಓಟ, ಹೆಡ್‌ಲೈಟಿನ ಮಟ್ಟ ಇವನ್ನೂ ಇದೇ ಸರದಿಯಲ್ಲಿ ನೋಡಬೇಕು. ಮೇಲೆದ್ದ ಬೆಳಕು ಎದುರಿನವರ ಕಣ್ಣು ಕುಕ್ಕುತ್ತದೆ, ಕಾಡಿನ ದಾರಿಯಲ್ಲಿ ಪ್ರಾಣಿಗಳನ್ನು ನಿಂತಲ್ಲೇ ನಿಲ್ಲಿಸಿಬಿಡುತ್ತದೆ.

ಕಾನೂನು ಮತ್ತು ಕಾಡು

1988ರ ಮೋಟಾರು ವಾಹನ ಕಾಯ್ದೆಯ 52ನೆಯ ವಿಧಿ ನೋಂದಣಿ ಪತ್ರದಲ್ಲಿರುವ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು ನಿಷೇಧಿಸುತ್ತದೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಬದಲಾವಣೆ ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕೆಎ-10 ನೋಂದಣಿಯ ವಾಹನ ದಿನವೂ ಎರಡು ರಾಜ್ಯಗಳ ಗಡಿ ದಾಟುವ ಸೀಮೆ ಇದಾದ್ದರಿಂದ, ಕೆಲಸ ಮಾಡಿಸುವ ಮೊದಲೇ ಚಾಮರಾಜನಗರದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಅಪಘಾತವಾದರೆ ವಿಮೆಯ ಹಣಕ್ಕೂ ಇದೇ ಪ್ರಶ್ನೆ ಅಡ್ಡ ಬರಬಹುದು.

1973ರಲ್ಲಿ ಹುಲಿ ಯೋಜನೆ ಆರಂಭವಾದಾಗಲೇ ಅದಕ್ಕೆ ಸೇರಿದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಹೆದ್ದಾರಿ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಹುಲಿ ಸಂರಕ್ಷಿತ ಪ್ರದೇಶದ ಒಳದಾರಿಗಳಲ್ಲಿ ಖಾಸಗಿ ವಾಹನ ಓಡಿಸುವಂತಿಲ್ಲ. ವಾಹನ ಎಷ್ಟೇ ಎತ್ತರವಿದ್ದರೂ ಆ ಕಾಡು ಆಟದ ಬಯಲಲ್ಲ.

ಮಿತಿಯ ನಿರ್ಣಯ

ಎಷ್ಟು ಎತ್ತರ ಎಂಬುದನ್ನು ಮೊದಲು ತೀರ್ಮಾನಿಸಿ, ಆಮೇಲೆ ಕೋನಗಳನ್ನು ಹೊಂದಿಸಲು ಹೆಣಗುವುದು ಇಂದು ರೂಢಿಯಲ್ಲಿರುವ ಕ್ರಮ. ಇದನ್ನು ತಿರುವಿಹಾಕಬೇಕು. ತನ್ನ ವಾಹನದ ರಚನೆಯಲ್ಲಿ ತಯಾರಕರ ಅಂಕಿಗಳಿಗೆ ಮರಳಿಸಬಹುದಾದ ಕ್ಯಾಸ್ಟರ್ ಎಷ್ಟು, ಡ್ರ್ಯಾಗ್ ಲಿಂಕ್ ತಾಳಬಲ್ಲ ಓರೆ ಎಷ್ಟು, ಸಿವಿ ಜಾಯಿಂಟ್ ಅಥವಾ ಕ್ರಾಸ್ ಜಾಯಿಂಟ್ ತಾಳಬಲ್ಲ ಬಾಗು ಎಷ್ಟು ಎಂದು ಮೊದಲು ತಿಳಿದು, ಅದರೊಳಗೆ ಎತ್ತರವನ್ನು ನಿಗದಿಪಡಿಸಬೇಕು. ಹಾಗೆ ಲೆಕ್ಕ ಹಾಕಿದವರಿಗೆ ಈ ಸೀಮೆಯ ಬಹುಪಾಲು ದಾರಿಗಳಿಗೆ ಒಳ್ಳೆಯ ಟೈರು ಮತ್ತು 50 ಮಿಲಿಮೀಟರಿನೊಳಗಿನ ಏರಿಕೆ ಸಾಲುತ್ತದೆ ಎಂಬುದು ಮನವರಿಕೆಯಾಗುತ್ತದೆ. ಅಲೈನ್‌ಮೆಂಟಿನ ಖರ್ಚನ್ನು ಎತ್ತರಿಸುವ ಖರ್ಚಿನೊಳಗೇ ಸೇರಿಸಿ ಹೇಳುವ ಗ್ಯಾರೇಜು, ಅದನ್ನು ಕೇಳಿ ಒಪ್ಪುವ ಮಾಲೀಕ ಇಬ್ಬರೂ ಹೆಚ್ಚಿದರೆ, ಪೋಡಿನ ಕಲ್ಲುದಾರಿ ಹತ್ತಿದ ಜೀಪು ಹೆದ್ದಾರಿಗೆ ಬಂದಾಗಲೂ ಚಾಲಕನ ಕೈಮಾತು ಕೇಳುತ್ತದೆ.